ಹೇಗೆ ಎಂಬುದು ಗೊತ್ತಾದ ಮೇಲೆ: ಜಪಾನಿನ ಒಂದು ಅಪರಾಧ ಧಾರಾವಾಹಿ



ಇಂಥ ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಒಬ್ಬ ಕವಿಯ ಬಗ್ಗೆ, ಒಂದು ಶಾಸನದ ಬಗ್ಗೆ, ಒಂದು ಚಳವಳಿಯ ಬಗ್ಗೆ ಮಾತಾಡುವುದು ವಾಡಿಕೆ. ನಾನು ಇವತ್ತು ಒಂದು ಟೆಲಿವಿಷನ್ ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ. ಅದೂ ಜಪಾನಿನದು, ಅದೂ ಕಡಿಮೆ ಖರ್ಚಿನಲ್ಲಿ ಮಕ್ಕಳ ಹೊತ್ತಿಗೆಂದು ತಯಾರಾದದ್ದು. ಹೆಸರು ‘ಕೈಕಿ ದೈಸಾಕುಸೆನ್’. 1968ರ ಸೆಪ್ಟೆಂಬರ್ 15ರಿಂದ 1969ರ ಮಾರ್ಚ್ 9ರವರೆಗೆ ಪ್ರತಿ ಭಾನುವಾರ ಸಂಜೆ ಏಳಕ್ಕೆ ಟಿಬಿಎಸ್ ವಾಹಿನಿಯಲ್ಲಿ ಬರುತ್ತಿತ್ತು. ಒಟ್ಟು 26 ಕಂತು. ಜಾಹೀರಾತು ಕಳೆದರೆ ಒಂದೊಂದೂ ಅರ್ಧ ಗಂಟೆಗಿಂತ ಕಡಿಮೆ. ಇಷ್ಟು ಚಿಕ್ಕ ಹೊರಜಗಲಿಯಲ್ಲಿ ಕೂತು ಒಂದು ತಂಡ ತನ್ನ ಕಾಲದ ಅತ್ಯಂತ ಕಷ್ಟದ ಪ್ರಶ್ನೆಗಳನ್ನು ಕೇಳಿತು ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ಆಧಾರ ಏನೆಂದು ಹೇಳುವುದಕ್ಕೇ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಈ ಧಾರಾವಾಹಿ ಹುಟ್ಟಿದ ಮನೆಯ ವಿಚಾರ. ‘ಗಾಡ್ಜಿಲ್ಲಾ’ ಚಿತ್ರದ ಕೈಚಳಕಗಳಿಂದ ಹೆಸರಾದ ಎಯ್ಜಿ ತ್ಸುಬುರಾಯ 1963ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. 1966ರಲ್ಲಿ ‘ಉಲ್ಟ್ರಾ ಕ್ಯೂ’, ಅದೇ ವರ್ಷ ‘ಉಲ್ಟ್ರಾಮ್ಯಾನ್’, 1967ರಲ್ಲಿ ‘ಉಲ್ಟ್ರಾಸೆವೆನ್’ ಬಂದವು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ನೋಡಿ ಬೆಳೆದವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ಕೈಗಡಿಯಾರಕ್ಕೆ ಮಾತಾಡಿ ದೊಡ್ಡ ಯಂತ್ರಮಾನವನನ್ನು ಕರೆಯುವ ಹುಡುಗನ ಕಥೆ ಅದು. ಅದು ತೋಯೆಯ್ ಎಂಬ ಬೇರೆ ಸಂಸ್ಥೆಯದಾದರೂ ಅದೇ ಕಾಲದ, ಅದೇ ಜಾತಿಯ ಸರಕು. ರಬ್ಬರಿನ ಪೋಷಾಕು ತೊಟ್ಟ ದೈತ್ಯ, ರಟ್ಟು ಮತ್ತು ಪ್ಲಾಸ್ಟರಿನ ನಗರ, ಎಲ್ಲವನ್ನೂ ತುಳಿದು ಪುಡಿ ಮಾಡುವ ಕಾಳಗ. ಜಪಾನಿನ ಮಕ್ಕಳು ಇದಕ್ಕೆ ಮರುಳಾಗಿದ್ದರು.

ಆದರೆ ದೈತ್ಯರು ದುಬಾರಿ. ವಾರಕ್ಕೊಂದು ಹೊಸ ಪೋಷಾಕು ಹೊಲಿಯಬೇಕು, ವಾರಕ್ಕೊಂದು ನಗರ ಕಟ್ಟಿ ಕೆಡವಬೇಕು. 1968ರ ಹೊತ್ತಿಗೆ ದೈತ್ಯರ ಅಲೆಯೂ ಇಳಿಯತೊಡಗಿತ್ತು. ‘ಉಲ್ಟ್ರಾಸೆವೆನ್’ ಮುಗಿದ ಮರುವಾರವೇ ಅದೇ ಹೊತ್ತಿಗೆ ‘ಕೈಕಿ ದೈಸಾಕುಸೆನ್’ ಶುರುವಾಯಿತು. ಇದರಲ್ಲಿ ದೈತ್ಯನಿಲ್ಲ, ಬಾಹ್ಯಾಕಾಶದ ಶತ್ರುವಿಲ್ಲ, ಆಕಾಶದಿಂದ ಇಳಿದು ಬಂದು ಕಾಪಾಡುವ ವೀರನೂ ಇಲ್ಲ. ಹಿಂದಿನ ಧಾರಾವಾಹಿಯ ರಕ್ಷಣಾಪಡೆ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರನ್ನು ಮಾರ್ಪಡಿಸಿಕೊಂಡು ಓಡಾಡುತ್ತಿತ್ತು. ಇಲ್ಲಿಯ ತನಿಖೆಗಾರರಿಗೆ ಸಿಕ್ಕಿದ್ದು ‘ಟಾರ್ಟಾಯ್ಸ್’ ಎಂಬ ಹೆಸರಿನ ಒಂದು ಪುಟ್ಟ ಬಂಡಿ. ನನಗೆ ಈ ಬದಲಾವಣೆ ಬಹಳ ಮುಖ್ಯ ಅನ್ನಿಸುತ್ತದೆ. ದೈತ್ಯನನ್ನು ತೆಗೆದ ಜಾಗದಲ್ಲಿ ಏನಾದರೂ ಇರಲೇಬೇಕಲ್ಲ, ಅಲ್ಲಿ ಮನುಷ್ಯನ ಮುಖ ಬಂತು.

ಕಥೆಯ ಚೌಕಟ್ಟು ಸರಳವಾಗಿದೆ. ಎಸ್‌ಆರ್‌ಐ ಎಂಬ ಖಾಸಗಿ ವೈಜ್ಞಾನಿಕ ಸಂಶೋಧನಾ ಸಂಸ್ಥೆ. ಅದರ ಮುಖ್ಯಸ್ಥ ಮಾತೋಯಾ, ಓಡಾಡುವ ಮಿಸಾವಾ, ಕಿರಿಯ ನೊಮುರಾ, ಕಚೇರಿಯ ಸಾವೊರಿ, ಮತ್ತು ಎಲ್ಲರಿಗಿಂತ ಆಳವಾಗಿ ಯೋಚಿಸುವ ವಿಜ್ಞಾನಿ ಮಾಕಿ. ಪೊಲೀಸರ ಕೈಗೆ ನಿಲುಕದ ಅಪರಾಧ ನಡೆದಾಗ ಇನ್‌ಸ್ಪೆಕ್ಟರ್ ಮಚಿದಾ ಇವರ ಬಾಗಿಲಿಗೆ ಬರುತ್ತಾನೆ. ಗೋಡೆಯೊಳಗೆ ಹಾದುಹೋಗುವ ಕಳ್ಳ, ಫೋನ್ ಎತ್ತಿದ ಕೂಡಲೇ ಉರಿದುಹೋಗುವ ಮನುಷ್ಯ, ಮನುಷ್ಯರನ್ನು ತಿನ್ನುವ ಪತಂಗ. ನೋಡಿದವರು ದೆವ್ವ ಎನ್ನುತ್ತಾರೆ. ಎಸ್‌ಆರ್‌ಐನವರು ಪ್ರಯೋಗಾಲಯಕ್ಕೆ ಹೋಗಿ ದೆವ್ವವಲ್ಲ, ಇಂಥ ಕಿರಣ, ಇಂಥ ರಾಸಾಯನಿಕ, ಇಂಥ ಯಂತ್ರ ಎಂದು ತೋರಿಸಿಕೊಡುತ್ತಾರೆ. ಇನ್‌ಸ್ಪೆಕ್ಟರ್ ಮಚಿದಾ ಆಗಿ ನಟಿಸಿದ ಅಕಿಜಿ ಕೊಬಾಯಾಶಿ ಎರಡು ವರ್ಷ ಹಿಂದೆ ‘ಉಲ್ಟ್ರಾಮ್ಯಾನ್’ನಲ್ಲಿ ದೈತ್ಯರ ವಿರುದ್ಧ ಹೋರಾಡುವ ಪಡೆಯ ನಾಯಕನಾಗಿದ್ದವರು. ಅದೇ ಮುಖ ಈಗ ಸಾದಾ ಕೋಟು ಹಾಕಿಕೊಂಡು ಕೊಲೆಯಾದ ಬೀದಿಯಲ್ಲಿ ನಿಂತಿರುವುದನ್ನು ಅಂದಿನ ಮಕ್ಕಳು ಖಂಡಿತ ಗಮನಿಸಿರಬೇಕು.

ಪ್ರತಿ ವಾರ ವಿಜ್ಞಾನ ಅಪರಾಧ ಹೇಗೆ ನಡೆಯಿತು ಎಂಬುದನ್ನು ಬಿಡಿಸಿ ಹೇಳುತ್ತದೆ. ಯಾಕೆ ನಡೆಯಿತು ಎಂಬಲ್ಲಿಗೆ ಬಂದಾಗ ಪ್ರಯೋಗಾಲಯದ ಬಾಗಿಲು ಮುಚ್ಚಿಹೋಗುತ್ತದೆ. ಉತ್ತಮ ಕಂತುಗಳೆಲ್ಲ ಮುಗಿಯುವುದು ಆ ಮುಚ್ಚಿದ ಬಾಗಿಲಿನ ಎದುರಿಗೇ. ಅಪರಾಧಿ ಸಿಕ್ಕಿಬಿದ್ದಿರುತ್ತಾನೆ, ಆದರೆ ಮಾಕಿಯ ಮುಖದಲ್ಲಿ ಗೆದ್ದ ಕಳೆ ಇರುವುದಿಲ್ಲ.

ಇದಕ್ಕೆ ಕಾರಣವನ್ನು ಆ ವರ್ಷದಲ್ಲೇ ಹುಡುಕಬೇಕು. ಧಾರಾವಾಹಿ ಶುರುವಾಗಿ ಹನ್ನೊಂದು ದಿನಕ್ಕೆ, 1968ರ ಸೆಪ್ಟೆಂಬರ್ 26ರಂದು, ಜಪಾನ್ ಸರ್ಕಾರ ಒಂದು ಮಾತನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಮಿನಮಾತಾದ ಮೀನುಗಾರರ ಕೈಕಾಲು ಸೊಟ್ಟಗಾಗಿದ್ದು, ತಾಯ ಹೊಟ್ಟೆಯಲ್ಲಿದ್ದ ಕೂಸುಗಳು ಊನವಾಗಿದ್ದು ಚಿಸ್ಸೊ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸದಿಂದ ಎಂದು. ಆ ಕಾಯಿಲೆ ಬೆಳಕಿಗೆ ಬಂದದ್ದು 1956ರಲ್ಲಿ. ಸರ್ಕಾರ ಬಾಯಿ ಬಿಡಲು ಹನ್ನೆರಡು ವರ್ಷ ಬೇಕಾಯಿತು. 1968ರ ಅಕ್ಟೋಬರಿನಲ್ಲಿ ಪಶ್ಚಿಮ ಜಪಾನಿನಲ್ಲಿ ವಿಷ ಬೆರೆತ ಅಕ್ಕಿ ತೌಡಿನ ಎಣ್ಣೆ ತಿಂದು ಜನ ಮೈತುಂಬ ಹುಣ್ಣಾಗಿ ನರಳುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇವೆಲ್ಲ ಹೇಗಾಯಿತು ಎಂದು ರಸಾಯನಶಾಸ್ತ್ರಜ್ಞರು ಹೇಳಬಲ್ಲವರಾಗಿದ್ದರು. ಹೀಗಾಗಲು ಯಾರು ಬಿಟ್ಟರು, ಯಾಕೆ ಬಿಟ್ಟರು ಎಂಬುದಕ್ಕೆ ಪರೀಕ್ಷಾನಳಿಕೆಯಲ್ಲಿ ಉತ್ತರವಿರಲಿಲ್ಲ. ವೈಜ್ಞಾನಿಕ ಅಪರಾಧ ಎಂಬುದು ಆ ದೇಶದ ಜನಕ್ಕೆ ಕಟ್ಟುಕಥೆಯಾಗಿರಲಿಲ್ಲ, ಅವರ ಊಟದ ತಟ್ಟೆಯೊಳಗೇ ಇತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅದೇ ವರ್ಷದ ಡಿಸೆಂಬರ್ 10ರ ಬೆಳಿಗ್ಗೆ ಟೋಕಿಯೊದ ಫುಚುವಿನಲ್ಲಿ ಪೊಲೀಸ್ ವೇಷದ ಒಬ್ಬ ಬೈಕಿನಲ್ಲಿ ಬಂದು, ಕಾರಿನಡಿ ಸಿಡಿಮದ್ದಿದೆ ಎಂದು ಬೆದರಿಸಿ, ಯಾರ ಮೈಯನ್ನೂ ಮುಟ್ಟದೆ ಸುಮಾರು 30 ಕೋಟಿ ಯೆನ್ ಬೋನಸ್ ಹಣವನ್ನು ಕಾರಿನ ಸಮೇತ ಒಯ್ದ. ಅವನು ಇವತ್ತಿಗೂ ಸಿಕ್ಕಿಲ್ಲ. ಅದೇ ದಿನ ಸ್ಟಾಕ್‌ಹೋಮ್‌ನಲ್ಲಿ ಜಪಾನಿನ ಕಾದಂಬರಿಕಾರ ಯಾಸುನಾರಿ ಕವಾಬಾತಾ ನೊಬೆಲ್ ಪ್ರಶಸ್ತಿ ಸ್ವೀಕರಿಸುತ್ತಿದ್ದರು. ಇಂಥದೊಂದು ದೇಶದಲ್ಲಿ, ಇಂಥದೊಂದು ಚಳಿಗಾಲದಲ್ಲಿ ಈ ಕಂತುಗಳು ಮನೆಮನೆಯ ಪರದೆಗೆ ಬಂದವು.

ಈಗ ಅಕಿಯೊ ಜಿಸ್ಸೋಜಿ ಅವರ ವಿಷಯ. 26ರಲ್ಲಿ ಅವರು ನಿರ್ದೇಶಿಸಿದ್ದು ನಾಲ್ಕೇ ಕಂತು. ಆದರೂ ಇಡೀ ಧಾರಾವಾಹಿಯ ಹೆಸರು ನಿಂತಿರುವುದು ಆ ನಾಲ್ಕರ ಮೇಲೆ ಎಂದರೆ ಉಳಿದವರಿಗೆ ಅನ್ಯಾಯ ಮಾಡಿದಂತಾಗಲಾರದು. 1937ರಲ್ಲಿ ಹುಟ್ಟಿದವರು, 1959ರಲ್ಲಿ ಟಿಬಿಎಸ್ ಸೇರಿದವರು. 1963ರ ವರ್ಷಾಂತ್ಯದಲ್ಲಿ ಜಪಾನ್ ಜನ ಆರಾಧಿಸುತ್ತಿದ್ದ ಗಾಯಕಿ ಮಿಸೋರಾ ಹಿಬಾರಿಯವರ ನೇರಪ್ರಸಾರವೊಂದನ್ನು ಅವರು ನಿರ್ದೇಶಿಸಿದರು. ಕ್ಯಾಮೆರಾವನ್ನು ಆಕೆಯ ಮುಖಕ್ಕೆ ಎಷ್ಟು ಹತ್ತಿರ ಒಯ್ದರೆಂದರೆ ನೋಡುಗರು ಸಿಟ್ಟಿನಿಂದ ದೂರಿದರು. ಅದಾದ ಮೇಲೆ ಅವರಿಗೆ ಕೆಲಸ ಸಿಗುವುದೇ ಕಷ್ಟವಾಯಿತು. ಸುತ್ತಿ ಬಳಸಿ ಅವರು ತಲುಪಿದ್ದು ತ್ಸುಬುರಾಯ ಅವರ ದೈತ್ಯರ ಅಂಗಳಕ್ಕೆ. ದೊಡ್ಡವರ ಕಾರ್ಯಕ್ರಮದಲ್ಲಿ ಸಲ್ಲದ ಕಣ್ಣಿಗೆ ಮಕ್ಕಳ ಕಾರ್ಯಕ್ರಮದಲ್ಲಿ ಜಾಗ ಸಿಕ್ಕಿತು.

ಜಿಸ್ಸೋಜಿಯವರ ಕ್ಯಾಮೆರಾ ಹೇಗೆ ನೋಡುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಅಗಲ ಕೋನದ ಮಸೂರ. ಪರದೆಯ ಮುಂಭಾಗದಲ್ಲಿ ಯಾವುದೋ ವಸ್ತು ದೊಡ್ಡದಾಗಿ ಕೂತಿರುತ್ತದೆ, ಒಂದು ದೀಪದ ಬುರುಡೆ, ಒಂದು ಫೋನು, ಕಂಬದ ಅಂಚು, ಯಾರದೋ ಭುಜ. ಅದರ ಆಚೆ, ಉಳಿದ ಚೂರು ಜಾಗದಲ್ಲಿ, ಮಾತಾಡುತ್ತಿರುವವನ ಅರ್ಧ ಮುಖ. ಬೆಳಕು ಹಿಂದಿನಿಂದ ಬರುತ್ತದೆ, ಮುಖ ಕತ್ತಲಾಗಿರುತ್ತದೆ. ಒಮ್ಮೆಲೇ ಕಣ್ಣು ಮಾತ್ರ, ಬಾಯಿ ಮಾತ್ರ. ಇದನ್ನು ಅತಿವಾಸ್ತವ ಎಂದು ವಿಮರ್ಶಕರು ಕರೆದಿದ್ದಾರೆ, ಸರಿಯಾಗಿಯೇ ಕರೆದಿದ್ದಾರೆ. ಆದರೆ ಇದರಲ್ಲಿ ಬಡತನದ ಜಾಣ್ಮೆಯೂ ಇದೆ. ಮುಂದೆ ದೀಪವಿಟ್ಟರೆ ಹಿಂದಿನ ಅಗ್ಗದ ಗೋಡೆ ಕಾಣುವುದಿಲ್ಲ. ಕೋಣೆ ಕತ್ತಲಾದರೆ ಅದರಲ್ಲಿ ಪೀಠೋಪಕರಣ ಇಲ್ಲದ್ದು ತಿಳಿಯುವುದಿಲ್ಲ. ಕೊರತೆಯನ್ನು ಮುಚ್ಚಲು ಮಾಡಿದ ಏರ್ಪಾಟೇ ನೋಡುಗನ ಎದೆಯಲ್ಲಿ ಒಂದು ಬಗೆಯ ಅಳುಕು ಹುಟ್ಟಿಸುತ್ತದೆ, ಏಕೆಂದರೆ ನಾವು ಯಾವಾಗಲೂ ಏನೋ ಒಂದರ ಮರೆಯಿಂದ ಇಣುಕಿ ನೋಡುತ್ತಿರುತ್ತೇವೆ. ‘ಉಲ್ಟ್ರಾಸೆವೆನ್’ನ ಒಂದು ಕಂತಿನಲ್ಲಿ ಅವರು ಭೂಮಿಯನ್ನು ಗೆಲ್ಲಲು ಬಂದ ಅನ್ಯಗ್ರಹದವನನ್ನೂ ಅವನನ್ನು ಎದುರಿಸಬೇಕಾದ ವೀರನನ್ನೂ ಹಳೆಯ ವಠಾರದ ಒಂದು ಕೋಣೆಯಲ್ಲಿ, ಊಟದ ಗಿಡ್ಡ ಮೇಜಿನ ಎರಡು ಬದಿಗೆ, ಚಕ್ಕಲಮಕ್ಕಲ ಹಾಕಿ ಕೂರಿಸಿ ಮಾತಾಡಿಸಿದರು. ಬಾಹ್ಯಾಕಾಶದ ಯುದ್ಧಕ್ಕೆ ಅಷ್ಟು ಸಾಕಾಯಿತು.

ಅವರ ಜೊತೆಗಿದ್ದ ಲೇಖಕ ಮಮೊರು ಸಸಾಕಿ. 1968ರಲ್ಲೇ ನಾಗಿಸಾ ಓಶಿಮಾ ಅವರ ‘ಡೆತ್ ಬೈ ಹ್ಯಾಂಗಿಂಗ್’ ಚಿತ್ರಕ್ಕೆ ಬರೆದವರಲ್ಲಿ ಇವರೂ ಒಬ್ಬರು. ಗಲ್ಲಿಗೇರಿಸಿದರೂ ಸಾಯದ ಕೊರಿಯನ್ ಯುವಕನೊಬ್ಬನ ಮೂಲಕ ಜಪಾನ್ ರಾಷ್ಟ್ರವನ್ನೇ ಕಟಕಟೆಗೆ ತಂದ ಚಿತ್ರ ಅದು. ಆ ಲೇಖನಿಯೇ ಭಾನುವಾರ ಸಂಜೆ ಮಕ್ಕಳಿಗೂ ಬರೆಯುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಆ ಕಾಲದ ಜಪಾನಿ ಟೆಲಿವಿಷನ್ ಬಗ್ಗೆ ಗೌರವ ಮೂಡುತ್ತದೆ. ಮಕ್ಕಳಿಗೆ ಎಂದು ಕೈ ಹಗುರ ಮಾಡಲಿಲ್ಲ ಅವರು.

ಜಿಸ್ಸೋಜಿ ಮತ್ತು ಸಸಾಕಿ ಸೇರಿ ಮಾಡಿದ ಐದನೆಯ ಕಂತು ‘ಸಾವಿನ ದೇವತೆಯ ಜೋಗುಳ’. ಪ್ರಸಾರವಾದದ್ದು ಅಕ್ಟೋಬರ್ 13ರಂದು. ನಗರದಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಹೆಪ್ಪುಗಟ್ಟಿ ಸಾಯುತ್ತಿದ್ದಾರೆ, ಒಬ್ಬ ಯುವ ಗಾಯಕಿಯ ಹಾಡಿನಲ್ಲಿ ಬರುವಂತೆಯೇ. ತನಿಖೆ ಗಾಯಕಿಯ ಅಣ್ಣನ ಬಳಿಗೆ ಹೋಗಿ ನಿಲ್ಲುತ್ತದೆ. ಆ ಗಾಯಕಿ ಹಿರೋಶಿಮಾದಲ್ಲಿ ಬಾಂಬು ಬಿದ್ದಾಗ ತಾಯಿಯ ಗರ್ಭದಲ್ಲಿದ್ದವಳು. ಈಗ ರಕ್ತದ ಕಾಯಿಲೆಯಿಂದ ದಿನ ಎಣಿಸುತ್ತಿದ್ದಾಳೆ. ಅವಳನ್ನು ಉಳಿಸುವ ಕಿರಣವೊಂದನ್ನು ಕಂಡುಹಿಡಿಯಲು ಅಣ್ಣ ಬೇರೆ ಹುಡುಗಿಯರ ಮೇಲೆ ಪ್ರಯೋಗ ಮಾಡುತ್ತಿದ್ದಾನೆ. ಒಬ್ಬಳ ಜೀವಕ್ಕಾಗಿ ಹಲವರ ಜೀವ. ಅವನು ಮಾಡಿದ್ದು ಕೊಲೆ ಎಂಬುದರಲ್ಲಿ ಕಂತು ಯಾವ ಗೊಂದಲವನ್ನೂ ಇಡುವುದಿಲ್ಲ. ಆದರೆ 1945ರ ಆಗಸ್ಟ್ 6ರಂದು ಅದೇ ಲೆಕ್ಕಾಚಾರ ಮಾಡಿದವರ ಹೆಸರು ಯಾವ ಪೊಲೀಸ್ ಠಾಣೆಯಲ್ಲಿದೆ ಎಂಬ ಪ್ರಶ್ನೆ ಅರ್ಧ ಗಂಟೆಯುದ್ದಕ್ಕೂ ಹಿನ್ನೆಲೆಯಲ್ಲಿ ಕುದಿಯುತ್ತಿರುತ್ತದೆ. ಅಣ್ಣನಾಗಿ ನಟಿಸಿದವರು ದೈಗೊ ಕುಸಾನೊ, ಮಾಕಿಯಾಗಿ ಶಿನ್ ಕಿಶಿದಾ. ಇವರಿಬ್ಬರೂ 1966ರಲ್ಲಿ ಕಟ್ಟಿದ ‘ರೊಕುಗಾತ್ಸು ಗೆಕಿಜೊ’ ಎಂಬ ಸಣ್ಣ ರಂಗತಂಡದ ಗೆಳೆಯರು. ರಂಗಭೂಮಿಯ ಆ ಸಲಿಗೆ, ಆ ಹದ ಇಬ್ಬರ ಎದುರುಬದುರಿನಲ್ಲಿ ಕಾಣುತ್ತದೆ.

ವಿಕಿರಣದ ವಿಷಯಕ್ಕೆ ಈ ಜೋಡಿ ಕೈ ಹಾಕಿದ್ದು ಇದೇ ಮೊದಲಲ್ಲ. 1967ರ ಡಿಸೆಂಬರಿನಲ್ಲಿ ಅವರು ಮಾಡಿದ ‘ಉಲ್ಟ್ರಾಸೆವೆನ್’ನ ಹನ್ನೆರಡನೆಯ ಕಂತಿನಲ್ಲಿ ವಿಕಿರಣದಿಂದ ರಕ್ತ ಕೆಟ್ಟ ಅನ್ಯಗ್ರಹವಾಸಿಗಳಿದ್ದರು. ಮಕ್ಕಳ ಪತ್ರಿಕೆಯೊಂದು ಅವರನ್ನು ಬಾಂಬಿಗೆ ಬಲಿಯಾದವರ ಹೆಸರಿನಿಂದಲೇ ಕರೆದಾಗ, 1970ರಲ್ಲಿ ಸಂತ್ರಸ್ತರು ಪ್ರತಿಭಟಿಸಿದರು. ಆ ಕಂತು ಇವತ್ತಿಗೂ ಹೊರಬಂದಿಲ್ಲ. ಸಂತ್ರಸ್ತರ ನೋವು ನಿಜವಾದದ್ದು. ಅನ್ಯಗ್ರಹದ ಮುಖವಾಡದಲ್ಲಿ ಹೇಳಲು ಹೋಗಿ ಎಡವಿದ್ದನ್ನೇ ಆ ಕಂತಿನ ಹತ್ತು ತಿಂಗಳ ನಂತರ, ಮುಖವಾಡ ಕಳಚಿ, ಜೋಗುಳದ ಕಂತಿನಲ್ಲಿ ಅವರು ಹೇಳಿದರು. ದೈತ್ಯನನ್ನು ಕೈಬಿಟ್ಟದ್ದರಿಂದ ಧಾರಾವಾಹಿಗೆ ಏನು ಸಿಕ್ಕಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ.

ಯುದ್ಧ ಇನ್ನೊಂದು ಕಂತಿನಲ್ಲೂ ಬರುತ್ತದೆ, ‘ಇಪ್ಪತ್ತನಾಲ್ಕನೆಯ ವರ್ಷದ ಸೇಡು’. ಬರೆದವರು ಓಕಿನಾವಾದ ನಾಹಾದಲ್ಲಿ ಹುಟ್ಟಿದ ಶೋಜೊ ಉಎಹಾರಾ. ನೀರಿನಲ್ಲೇ ಬದುಕುವ ಶಕ್ತಿ ಪಡೆದುಕೊಂಡ ನೌಕಾಪಡೆಯ ಸೈನಿಕನೊಬ್ಬ ಯುದ್ಧ ಮುಗಿದದ್ದನ್ನು ಅರಿಯದೆ, ಅಮೆರಿಕದ ನೌಕಾನೆಲೆಯಿರುವ ಯೊಕೊಸುಕಾದಲ್ಲಿ ಅಮೆರಿಕನ್ನರ ಮೇಲೆ ಬೀಳುತ್ತಾನೆ. ಕಥೆಯ ವಿಜ್ಞಾನ ನಂಬುವಂಥದ್ದಲ್ಲ. ಆದರೆ ಇದು ಪ್ರಸಾರವಾದದ್ದು 1968ರ ಡಿಸೆಂಬರ್ 22ರಂದು. ಗುವಾಮ್ ಕಾಡಿನಿಂದ ಶೋಯಿಚಿ ಯೊಕೊಯಿ ಹೊರಬಂದದ್ದು 1972ರಲ್ಲಿ, ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಲ್ಲಿ ಹಿರೂ ಒನೊದಾ ಬಂದೂಕು ಕೆಳಗಿಟ್ಟದ್ದು 1974ರಲ್ಲಿ. ಓಕಿನಾವಾ ಆಗಿನ್ನೂ ಅಮೆರಿಕದ ಆಡಳಿತದಲ್ಲಿತ್ತು. ಆ ನೆಲದ ಲೇಖಕನಿಗೆ ಯುದ್ಧ ಮುಗಿದಿದೆ ಎಂಬ ಮಾತು ಎಷ್ಟು ನಿಜವಾಗಿ ಕೇಳಿಸುತ್ತಿತ್ತೋ ನೀವೇ ಊಹಿಸಿ.

ಉಎಹಾರಾ ಅವರೇ ಬರೆದ ಮರುವಾರದ ಕಂತು ‘ಕಾಮಾಇತಾಚಿ’. ನಿರ್ದೇಶನ ಯಾಸುಹಾರು ಹಸೆಬೆ, ನಿಕ್ಕಾತ್ಸು ಸಂಸ್ಥೆಯಲ್ಲಿ ಗ್ಯಾಂಗ್‌ಸ್ಟರ್ ಚಿತ್ರಗಳನ್ನು ಮಾಡುತ್ತಿದ್ದವರು. ಜಪಾನಿನ ಹಳ್ಳಿಗಾಡಿನಲ್ಲಿ ಒಂದು ನಂಬಿಕೆಯಿದೆ. ಸುಳಿಗಾಳಿಯ ಜೊತೆ ಕುಡುಗೋಲಿನಂಥ ಉಗುರಿನ ಒಂದು ಪ್ರಾಣಿ ಬರುತ್ತದೆ, ಅದು ತಾಕಿದರೆ ಚರ್ಮ ಸೀಳುತ್ತದೆ ಎಂದು. ಕಂತಿನಲ್ಲಿ ರಾತ್ರಿ ಒಬ್ಬಂಟಿಯಾಗಿ ನಡೆದುಹೋಗುವ ಹೆಂಗಸು, ಒಮ್ಮೆಲೇ ಬೀಸುವ ಗಾಳಿ, ಛಿದ್ರವಾಗುವ ದೇಹ. ಎಸ್‌ಆರ್‌ಐ ಕಂಡುಹಿಡಿಯುತ್ತದೆ: ಯಾರೋ ಗಾಳಿಯಲ್ಲಿ ನಿರ್ವಾತ ಉಂಟುಮಾಡುವ ಯಂತ್ರ ಬಳಸುತ್ತಿದ್ದಾರೆ. ಬಲೆ ಬೀಸುತ್ತದೆ. ಸಿಕ್ಕಿಬೀಳುವವನು ಒಬ್ಬ ಯುವಕ. ತಗ್ಗಿದ ತಲೆ, ಮೆದು ಮುಖ, ಕೆಲಸದಲ್ಲಿ ಶ್ರದ್ಧೆ, ಯಾರ ಹತ್ತಿರವೂ ಜಗಳವಿಲ್ಲ. ಸತ್ತ ಹೆಂಗಸರು ಅವನಿಗೆ ಏನೂ ಮಾಡಿದವರಲ್ಲ. ಹಣವಿಲ್ಲ, ಪ್ರೇಮಭಂಗವಿಲ್ಲ, ಸೇಡಿಲ್ಲ. ಯಾಕೆ ಎಂದು ಕೇಳಿದರೆ ಆ ಮುಖದಲ್ಲಿ ಉತ್ತರವಿಲ್ಲ.

ಅಪರಾಧ ಕಥೆ ಓದುವ ನಮಗೆಲ್ಲ ಒಂದು ಒಪ್ಪಂದ ಗೊತ್ತು. ಕೊನೆಯ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿ ಕಾರಣ ಹೇಳುತ್ತಾನೆ, ಓದುಗ ಸಮಾಧಾನದಿಂದ ಪುಸ್ತಕ ಮುಚ್ಚುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಕನ್ನಡಿಗರಿಗೂ ಅದು ಅಭ್ಯಾಸವಾಗಿದೆ. ‘ಕಾಮಾಇತಾಚಿ’ ಆ ಒಪ್ಪಂದವನ್ನು ಮುರಿಯುತ್ತದೆ. ಹಳ್ಳಿಯಿಂದ ನಗರಕ್ಕೆ ಬಂದು, ಗೂಡಿನಂಥ ಕೋಣೆಯಲ್ಲಿ ಮಲಗಿ, ಯಂತ್ರದ ಮುಂದೆ ನಿಂತು ದುಡಿದ ಲಕ್ಷಾಂತರ ತರುಣರ ಬೆವರಿನಿಂದ ಜಪಾನ್ ಆಗ ಸಿರಿವಂತವಾಗುತ್ತಿತ್ತು. ಅವರಲ್ಲಿ ಒಬ್ಬನ ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೇಳಿರಲಿಲ್ಲ. ಯಾರನ್ನಾದರೂ, ಯಾರೆಂದು ನೋಡದೆ, ಕೊಲ್ಲುವ ಅಪರಾಧಗಳ ಬಗ್ಗೆ ಜಪಾನಿನ ಸಮಾಜವಿಜ್ಞಾನಿಗಳು ಬಹಳ ಬರೆದದ್ದು ಅನಂತರದ ದಶಕಗಳಲ್ಲಿ. ಈ ಸಣ್ಣ ಕಂತು ಆ ಮುಖವನ್ನು ಮೊದಲೇ ಕಂಡಿತ್ತು. ಮಾಕಿ ಆ ಹುಡುಗನನ್ನು ನೋಡುತ್ತಾ ನಿಂತಿರುವಾಗ ನಮಗೂ ಬೇರೆ ದಾರಿಯಿಲ್ಲ, ನೋಡುತ್ತಲೇ ಇರಬೇಕು.

ಇನ್ನು ಕ್ಯೋಟೊದ ಎರಡು ಕಂತುಗಳು. ಎರಡೂ ಜಿಸ್ಸೋಜಿಯವರವು. ಹಳೆಯ ರಾಜಧಾನಿಗೆ ಹೋಗಿ, ಅಲ್ಲಿಯ ಗುಡಿಗಳಲ್ಲೂ ಓಣಿಗಳಲ್ಲೂ ಚಿತ್ರೀಕರಿಸಿದವು. 23ನೆಯದು ‘ಶಾಪದ ಕುಂಭ’, ಬರೆದವರು ತೊಶಿರೊ ಇಶಿದೊ. ಹಳೆಯ ಕಲಾವಸ್ತುಗಳನ್ನು ಮಾರುವ ಪ್ರತಿಷ್ಠಿತ ಮನೆತನಕ್ಕಾಗಿ ನಕಲಿ ಕುಂಭಗಳನ್ನು ಮಾಡಿಕೊಡುವ ಒಬ್ಬ ಕುಶಲಕರ್ಮಿ. ಅವನ ನಕಲು ಎಷ್ಟು ಚೆನ್ನಾಗಿದೆಯೆಂದರೆ ತಜ್ಞರಿಗೂ ಗುರುತು ಸಿಗುವುದಿಲ್ಲ. ಹೆಸರು ಹಣ ಎರಡೂ ಮಾಲೀಕನ ಪಾಲು. ಕೊನೆಗೆ ಅವನು ನೋಡಿದವರ ಪ್ರಾಣ ತೆಗೆಯುವ ಮೆರುಗನ್ನು ಬಳಿದು ಕುಂಭಗಳನ್ನು ಹೊರಗೆ ಕಳಿಸುತ್ತಾನೆ. ಕೈ ಯಾರದು, ಕೀರ್ತಿ ಯಾರಿಗೆ ಎಂಬ ಜಗಳ ಇದು. ಕೊನೆಯಲ್ಲಿ ಒಂದು ದೇವಾಲಯ ಹೊತ್ತಿ ಉರಿಯುತ್ತದೆ. ಅದು ಪ್ರತಿಕೃತಿ. ನಿಜವಾದ ಮರದ ಸೂರು ಕುಸಿಯುತ್ತಿದೆ ಎಂದೇ ಕಣ್ಣು ನಂಬುತ್ತದೆ. ದೈತ್ಯರು ತುಳಿಯಲೆಂದು ನಗರ ಕಟ್ಟಿ ಪಳಗಿದ ಕೈಗಳು ಇಲ್ಲಿ ತಮ್ಮ ವಿದ್ಯೆಯನ್ನೆಲ್ಲ ಒಂದೇ ಬೆಂಕಿಗೆ ಧಾರೆಯೆರೆದಿವೆ. ನಕಲಿ ಮಾಡುವವನ ಕಥೆಯಲ್ಲಿ ಆ ನಕಲಿ ಗುಡಿಯೇ ಅತ್ಯಂತ ನಿಜವಾಗಿ ಕಾಣುತ್ತದೆ.

25ನೆಯ ಕಂತು ‘ಕ್ಯೋಟೊವನ್ನು ಕೊಳ್ಳುತ್ತೇನೆ’. ಬರೆದವರು ಸಸಾಕಿ. ಪ್ರಸಾರ 1969ರ ಮಾರ್ಚ್ 2. ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಶಿಖರ ಇದು. ಗುಡಿಗಳಿಂದ ಬುದ್ಧನ ವಿಗ್ರಹಗಳು ಮಾಯವಾಗುತ್ತಿವೆ. ಬೀಗ ಮುರಿದಿಲ್ಲ, ಹೆಜ್ಜೆ ಗುರುತಿಲ್ಲ. ಇತ್ತ ಗೋಗೋ ಕ್ಲಬ್ಬಿನಲ್ಲಿ, ಕಿವಿಗಡಚಿಕ್ಕುವ ಸಂಗೀತದ ನಡುವೆ, ಒಬ್ಬ ಯುವತಿ ಕುಣಿಯುವ ಹುಡುಗ ಹುಡುಗಿಯರ ಹತ್ತಿರ ಒಂದು ಕಾಗದ ಹಿಡಿದು ಹೋಗುತ್ತಾಳೆ. ಕ್ಯೋಟೊವನ್ನು ನನಗೆ ಮಾರುತ್ತೀರಾ? ಹುಡುಗರು ನಗುತ್ತಾ ಸಹಿ ಹಾಕುತ್ತಾರೆ. ಈ ಊರು ಅವರಿಗೆ ಬೇಕಾಗಿಲ್ಲ, ಮಾರಿದರೆ ಏನು ಹೋಯಿತು.

ಆ ಯುವತಿ ಮಿಯಾಕೊ, ವಿಶ್ವವಿದ್ಯಾನಿಲಯದ ಪ್ರೊಫೆಸರ್ ಒಬ್ಬರ ಸಹಾಯಕಿ. ವಿಗ್ರಹಗಳ ಮುಂದೆ ನಿಂತರೆ ಅವಳಿಗೆ ಲೋಕದ ಪರಿವೆಯಿಲ್ಲ. ಮಾಕಿ ಅವಳನ್ನು ಪ್ರೀತಿಸತೊಡಗುತ್ತಾನೆ. 24 ಕಂತುಗಳಲ್ಲಿ ಬಿಳಿಯ ಕೋಟಿನಲ್ಲಿ ನಿಂತು ಯಂತ್ರಗಳ ಮೂಲಕ ಲೋಕವನ್ನು ನೋಡಿದವನು ಈಗ ಅವಳ ಜೊತೆ ಗುಡಿಯಿಂದ ಗುಡಿಗೆ ನಡೆಯುತ್ತಾನೆ. ಮಾತು ಕಡಿಮೆ. ಹಿನ್ನೆಲೆಯಲ್ಲಿ ಗಿಟಾರ್, ಮೊಟ್ಸಾರ್ಟ್‌ನ ವಸ್ತುವಿನ ಮೇಲೆ ಫೆರ್ನಾಂಡೊ ಸೋರ್ ರಚಿಸಿದ ವೈವಿಧ್ಯ. ಬೌದ್ಧ ಗುಡಿಯ ಅಂಗಳಕ್ಕೆ ಐರೋಪ್ಯ ಗಿಟಾರ್ ಒಗ್ಗೀತೆ ಎಂಬ ಸಂಶಯ ನೋಡುವ ಮೊದಲು ಬರಬಹುದು, ನೋಡಿದ ಮೇಲೆ ಉಳಿಯುವುದಿಲ್ಲ. ಮಾಕಿಗೆ ನಿಧಾನವಾಗಿ ತಿಳಿಯುತ್ತದೆ. ವಿಗ್ರಹಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವ ಯಂತ್ರವನ್ನು ಪ್ರೊಫೆಸರ್ ಮಾಡಿದ್ದಾರೆ. ಅದಕ್ಕೆ ಗುರುತಿನ ಸಾಧನವನ್ನು ವಿಗ್ರಹಗಳಿಗೆ ಅಂಟಿಸುತ್ತಿರುವುದು ಮಿಯಾಕೊ. ಇವರು ಕಳ್ಳರಲ್ಲ. ವಿಗ್ರಹಗಳನ್ನು ಪ್ರವಾಸಿಗರಿಂದ, ಹೊಗೆಯಿಂದ, ಮರೆವಿನಿಂದ ದೂರ ಒಯ್ದು, ಅವುಗಳದೇ ಒಂದು ಊರು ಮಾಡಬೇಕೆಂಬುದು ಅವರ ಹಂಬಲ.

1964ರ ಕೊನೆಯಲ್ಲಿ ಕ್ಯೋಟೊ ರೈಲು ನಿಲ್ದಾಣದ ಎದುರು 131 ಮೀಟರ್ ಎತ್ತರದ ಗೋಪುರ ಎದ್ದಿತ್ತು. ಗುಡಿಗಳ ಊರಿಗೆ ಅದು ಬೇಕೇ ಎಂದು ದೊಡ್ಡ ವಿವಾದವೇ ನಡೆದಿತ್ತು. ಸಸಾಕಿ ಆ ವಿವಾದವನ್ನು ಪತ್ರಿಕೆಯ ಭಾಷೆಯಲ್ಲಿ ಮುಂದುವರಿಸಲಿಲ್ಲ. ಊರಿನ ಜನಕ್ಕೇ ಊರಿನ ಮೇಲೆ ಪ್ರೀತಿ ಇಲ್ಲವಾದರೆ, ಪ್ರೀತಿಸುವ ಒಬ್ಬಳು ಅದನ್ನು ಒಯ್ದರೆ ಅದು ಅಪರಾಧವೇ ಎಂದು ಕೇಳಿದರು. ಕಾನೂನಿನ ಪ್ರಕಾರ ಅಪರಾಧ. ಮಾಕಿ ಕಾನೂನಿನ ಕಡೆಯವನು. ಅವನು ತನ್ನ ಕೆಲಸ ಮಾಡುತ್ತಾನೆ. ಮಾಡಿ ಮುಗಿಸಿದ ಮೇಲೆ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಒಬ್ಬ ಸನ್ಯಾಸಿನಿ ಇದ್ದಾಳೆ, ಅದೇ ಮುಖ. ನೀವು ಹುಡುಕುತ್ತಿರುವವಳು ಇನ್ನಿಲ್ಲ ಎಂಬ ಅರ್ಥದ ಮಾತಾಡುತ್ತಾಳೆ. ಅವನು ಹೊರಟು ತಿರುಗಿ ನೋಡಿದಾಗ ಅವಳಿದ್ದ ಜಾಗದಲ್ಲಿ ಬುದ್ಧನ ವಿಗ್ರಹ ನಿಂತಿದೆ, ಕಣ್ಣಲ್ಲಿ ನೀರು.

24 ಕಂತುಗಳ ಕಾಲ ಎಲ್ಲ ಪವಾಡಕ್ಕೂ ಯಂತ್ರದ ವಿವರಣೆ ಕೊಟ್ಟ ಧಾರಾವಾಹಿ ಇದೊಂದಕ್ಕೆ ವಿವರಣೆ ಕೊಡುವುದಿಲ್ಲ. ಮಾಕಿ ಕಂಡದ್ದು ಭ್ರಮೆಯೋ ನಿಜವೋ ಎಂದು ಯಾರೂ ಹೇಳುವುದಿಲ್ಲ. ವಿಜ್ಞಾನಿಯ ಕಣ್ಣೆದುರೇ ವಿಜ್ಞಾನ ಸುಮ್ಮನಾಗುವ ಈ ಕ್ಷಣಕ್ಕೆ ಬೇಕಾದದ್ದು ಒಂದು ವಿಗ್ರಹ, ಒಬ್ಬ ನಟಿ, ಒಬ್ಬ ನಟ. ಖರ್ಚು ಅಷ್ಟೇ.

ಆ ನಟ ಶಿನ್ ಕಿಶಿದಾ. ನಾಟಕಕಾರ ಕುನಿಯೊ ಕಿಶಿದಾ ಅವರ ಮನೆತನದವರು, ‘ವುಮನ್ ಇನ್ ದ ಡ್ಯೂನ್ಸ್’ ಚಿತ್ರದ ಕ್ಯೋಕೊ ಕಿಶಿದಾ ಅವರ ಸಂಬಂಧಿ. ತೆಳ್ಳನೆಯ ದೇಹ, ಗುಳಿಬಿದ್ದ ಕೆನ್ನೆ. ಎಪ್ಪತ್ತರ ದಶಕದಲ್ಲಿ ತೋಹೊ ಸಂಸ್ಥೆಯ ಎರಡು ಚಿತ್ರಗಳಲ್ಲಿ ರಕ್ತಪಿಶಾಚಿಯಾಗಿ ನಟಿಸಿ ಅದಕ್ಕೇ ಹೆಚ್ಚು ಹೆಸರಾದರು. 1982ರಲ್ಲಿ 43ರ ವಯಸ್ಸಿಗೆ ತೀರಿಕೊಂಡರು. ಮಾಕಿಯ ಪಾತ್ರದಲ್ಲಿ ಅವರು ಕೇಳುವ ರೀತಿಯನ್ನು ಗಮನಿಸಿ. ಅಪರಾಧಿ ಮಾತಾಡುವಾಗ ಅವರು ಮಧ್ಯೆ ಬಾಯಿ ಹಾಕುವುದಿಲ್ಲ, ತಲೆಯಾಡಿಸುವುದಿಲ್ಲ. ಹೇಗೆ ಎಂಬುದು ಗೊತ್ತಾದ ಮೇಲೂ ಉಳಿಯುವ ಪ್ರಶ್ನೆಯ ಭಾರವನ್ನು ಹೊತ್ತದ್ದು ಆ ಮುಖ.

ಎಲ್ಲವನ್ನೂ ಹೊಗಳಿ ಹೋಗುವುದು ಸರಿಯಲ್ಲ. ಕೆಲವು ಕಂತುಗಳು ಬರಿಯ ದೆವ್ವದ ಕಥೆಗಳು, ಯಂತ್ರದ ವಿವರಣೆ ಕೊನೆಗೆ ಅಂಟಿಸಿದ್ದು. ಹೆಂಗಸರು ಬಹಳ ಸಲ ಸಾಯುವುದಕ್ಕಷ್ಟೇ ಬರುತ್ತಾರೆ. ಸಾವೊರಿಗೆ ಬರವಣಿಗೆಯಲ್ಲಿ ಸಿಕ್ಕಿದ್ದು ತೀರಾ ಕಡಿಮೆ. 24ನೆಯ ಕಂತಿನ ವಿಷಯ ಇನ್ನೂ ಗಂಭೀರ. ಮನಸ್ಸಿನ ಸ್ಥಿಮಿತ ತಪ್ಪಿದವನು ಮಾಡಿದ ಕೃತ್ಯಕ್ಕೆ ಶಿಕ್ಷೆಯಿಲ್ಲ ಎನ್ನುತ್ತದೆ ಜಪಾನಿನ ದಂಡಸಂಹಿತೆಯ 39ನೆಯ ಕಲಮು. ಅಂಥವನೊಬ್ಬನಿಂದ ತನ್ನವರನ್ನು ಕಳೆದುಕೊಂಡ ಹೆಂಗಸು, ಯಾರನ್ನಾದರೂ ತಾತ್ಕಾಲಿಕವಾಗಿ ಹುಚ್ಚರನ್ನಾಗಿಸುವ ಯಂತ್ರ ಹಿಡಿದು ಕಾನೂನಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ. ಪ್ರಶ್ನೆ ದೊಡ್ಡದು. ಆದರೆ ಮಾನಸಿಕ ಅಸ್ವಸ್ಥರನ್ನು ಅದು ತೋರಿಸಿದ ಬಗೆ ಇವತ್ತು ಒಪ್ಪುವಂಥದ್ದಲ್ಲ. ತೊಂಬತ್ತರ ದಶಕದ ನಡುವಿನಿಂದ ಆ ಕಂತನ್ನು ಹೊರತಂದಿಲ್ಲ, ಡಿವಿಡಿಗಳಲ್ಲಿ 23ರ ಮೇಲೆ 25 ಬರುತ್ತದೆ. ಮುನ್ನುಡಿ ಬರೆದು, ತಪ್ಪನ್ನು ತೋರಿಸಿ, ವಿದ್ವಾಂಸರಿಗಾದರೂ ನೋಡಲು ಕೊಡಬೇಕು ಎಂದು ನಾನು ವಾದಿಸುತ್ತೇನೆ. ಮುಚ್ಚಿಟ್ಟದ್ದರ ಬಗ್ಗೆ ಚರ್ಚೆ ನಡೆಯುವುದಿಲ್ಲ, ಗುಸುಗುಸು ಮಾತ್ರ ನಡೆಯುತ್ತದೆ.

ಮುಂದಿನ ಕಥೆ ಚಿಕ್ಕದು. ಧಾರಾವಾಹಿ 26ಕ್ಕೆ ನಿಂತಿತು. ಎಯ್ಜಿ ತ್ಸುಬುರಾಯ 1970ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜಿಸ್ಸೋಜಿ ‘ಮುಜೊ’ ಎಂಬ ಚಲನಚಿತ್ರ ಮಾಡಿ ಲೊಕಾರ್ನೊ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದರು. ಅದರಲ್ಲೂ ಬುದ್ಧನ ವಿಗ್ರಹಗಳಿವೆ. ಕ್ಯೋಟೊದ ಕಂತನ್ನು ನೋಡಿದವರಿಗೆ ಆ ಚಿತ್ರದ ದಾರಿ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಜಿಸ್ಸೋಜಿ ಮತ್ತು ಸಸಾಕಿ ಇಬ್ಬರೂ 2006ರಲ್ಲಿ ಹೋದರು. ಎನ್‌ಎಚ್‌ಕೆ 2007ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಈ ಧಾರಾವಾಹಿಯನ್ನು ಹೊಸ ನಟರೊಂದಿಗೆ ಮರಳಿ ತಂದಿತು.

ಈ ಸಭೆಯಲ್ಲಿ ಚಿತ್ರಸಮಾಜಗಳನ್ನು ನಡೆಸುವ ಗೆಳೆಯರಿದ್ದೀರಿ. ಕುರೊಸಾವಾ, ಓಜು ಅವರ ಚಿತ್ರಗಳನ್ನು ನಮಗೆ ತೋರಿಸಿದವರು ನೀವೇ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಒಂದು ಸಂಜೆ ಬಿಡುವು ಮಾಡಿ ಈ ಧಾರಾವಾಹಿಯ ನಾಲ್ಕು ಕಂತುಗಳನ್ನು ಒಟ್ಟಿಗೆ ತೋರಿಸಿ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೊದಲು ‘ಕಾಮಾಇತಾಚಿ’ ಹಾಕಿ, ಆಮೇಲೆ ‘ಸಾವಿನ ದೇವತೆಯ ಜೋಗುಳ’, ಆಮೇಲೆ ‘ಶಾಪದ ಕುಂಭ’. ‘ಕ್ಯೋಟೊವನ್ನು ಕೊಳ್ಳುತ್ತೇನೆ’ ಕೊನೆಗಿರಲಿ. ಕನ್ನಡದಲ್ಲಿ ಅಡಿಬರಹ ಬೇಕೆಂದರೆ ಜಪಾನಿ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲಿ ಈಗ ಕಡಿಮೆಯಿಲ್ಲ, ಅವರನ್ನು ಕೇಳೋಣ. ನಾನೂ ಜೊತೆಗಿರುತ್ತೇನೆ.